ಶಬ್ದಗಳ ಮನೆತನ: ವಿಯೆತ್ನಾಮಿನ ವಿದ್ಯಾರ್ಥಿಯ ಇಂಗ್ಲಿಷ್ ವ್ಯಾಸಂಗ

ಒಂದು ಊರಿಗೆ ಹೊಸದಾಗಿ ಬಂದು ನೆಲಸಿದವನು ಅಲ್ಲಿಯ ಜನರನ್ನು ಎರಡು ಬಗೆಯಾಗಿ ಅರಿಯಬಹುದು. ಬೀದಿಯಲ್ಲಿ ಎದುರಾದ ಒಬ್ಬೊಬ್ಬರ ಹೆಸರನ್ನೂ ಬೇರೆಬೇರೆಯಾಗಿ ಕೇಳಿ ನೆನಪಿನಲ್ಲಿಟ್ಟುಕೊಳ್ಳುವುದು ಒಂದು ಬಗೆ. ಇವನು ಇಂಥವರ ಮಗ, ಆಕೆ ಇಂಥ ಮನೆಯ ಸೊಸೆ, ಅವರು ಇವರಿಗೆ ದಾಯಾದಿಗಳು ಎಂದು ಮನೆತನವನ್ನು ಹಿಡಿದು ಅರಿಯುವುದು ಮತ್ತೊಂದು ಬಗೆ. ಮೊದಲನೆಯ ಬಗೆಯಲ್ಲಿ ನೂರು ಜನರನ್ನು ಅರಿಯುವುದರೊಳಗೆ ಎರಡನೆಯ ಬಗೆಯಲ್ಲಿ ಊರನ್ನೇ ಅರಿಯಬಹುದು. ಪರಭಾಷೆಯ ಶಬ್ದಗಳನ್ನು ಕಲಿಯುವವನ ಸಂಗತಿಯೂ ಹೀಗೆಯೇ. ಆದರೆ ತನ್ನ ಮಾತೃಭಾಷೆಯಲ್ಲಿ ಶಬ್ದಗಳು ರೂಪವನ್ನೇ ಬದಲಿಸದಿರುವಾಗ, ಶಬ್ದಗಳಿಗೂ ಮನೆತನವುಂಟೆಂಬ ಎಣಿಕೆಯೇ ಅವನಿಗೆ ಹೇಗೆ ಬಂದೀತು? ಈ ಪ್ರಶ್ನೆಯನ್ನು ನಾವು ವಿಯೆತ್ನಾಮ್ ದೇಶದ ವಿದ್ಯಾರ್ಥಿಗಳ ಉದಾಹರಣೆಯನ್ನು ತೆಗೆದುಕೊಂಡು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಪರದೇಶದ ಮಕ್ಕಳ ಪಾಠದ ಮಾತು ನಮಗೇಕೆಂದು ವಾಚಕರು ಕೇಳಬಹುದು. ಪಕ್ಕದ ಮನೆಯ ಮಗುವಿನ ಜಾತಕವನ್ನು ನೋಡುವಾಗಲೇ ಅಲ್ಲವೇ ನಮ್ಮ ಮಗುವಿನ ಗ್ರಹಗತಿಯೂ ಸ್ವಲ್ಪ ತಿಳಿಯುವುದು?

ವಿಯೆತ್ನಾಮ್ ಎಂಬುದು ಸಂಸ್ಕೃತಾಭ್ಯಾಸಿಗಳಿಗೆ ತೀರ ಅಪರಿಚಿತವಾದ ದೇಶವಲ್ಲ. ಅದರ ಮಧ್ಯಭಾಗದಲ್ಲಿ ಹಿಂದೆ ಇದ್ದ ಚಂಪಾರಾಜ್ಯದ ಅರಸರು ಸಂಸ್ಕೃತದಲ್ಲಿ ಶಾಸನಗಳನ್ನು ಬರೆಯಿಸಿದರು. ಮಿಸೋನ್ ಎಂಬಲ್ಲಿಯ ಅವರ ಶಿವಾಲಯಗಳ ಅವಶೇಷಗಳು ಈಗಲೂ ನಿಂತಿವೆ. ಆದರೆ ಈಗ ದೇಶಭಾಷೆಯಾಗಿರುವ ವಿಯೆತ್ನಾಮೀ ಭಾಷೆಯು ಚಂಪಾದವರ ಭಾಷೆಯಲ್ಲ. ಅದು ಕಾಂಬೋಡಿಯದ ಖ್ಮೇರ್ ಭಾಷೆಗೂ, ನಮ್ಮ ದೇಶದ ಖಾಸಿ, ಮುಂಡಾರಿ ಮೊದಲಾದವಕ್ಕೂ ದೂರದ ಸಂಬಂಧವುಳ್ಳದ್ದು. ಕ್ರಿಸ್ತಪೂರ್ವ ೧೧೧ರಿಂದ ಕ್ರಿಸ್ತಶಕ ೯೩೮ರವರೆಗೆ, ನಡುನಡುವೆ ದಂಗೆಗಳಿಂದ ಕಡಿದುಹೋದರೂ, ಆ ದೇಶದ ಉತ್ತರಭಾಗವು ಚೀನೀ ಪ್ರಭುತ್ವದ ಕೆಳಗಿದ್ದಿತು. ಆದಕಾರಣ ಕನ್ನಡಕ್ಕೆ ಸಂಸ್ಕೃತವು ಹೇಗೋ ಹಾಗೆ ವಿಯೆತ್ನಾಮಿಗೆ ಚೀನೀ ಭಾಷೆಯು ಶಾಸ್ತ್ರದ, ಧರ್ಮದ, ರಾಜ್ಯಾಡಳಿತದ ಶಬ್ದಗಳ ಗಣಿಯಾಯಿತು. ಚೀನೀ ಲಿಪಿಯಲ್ಲಿ ನಡೆಯುತ್ತಿದ್ದ ರಾಜಪರೀಕ್ಷೆಗಳು ೧೯೧೯ರಲ್ಲಿ ಕೊನೆಗೊಂಡವು. ಅಷ್ಟರೊಳಗೆ ಕ್ರೈಸ್ತ ಪಾದ್ರಿಗಳು ರೋಮನ್ ಅಕ್ಷರಗಳಿಂದ ರೂಪಿಸಿದ್ದ ಲಿಪಿಯು ಬಳಕೆಗೆ ಬಂದಿತ್ತು. ಅಲೆಕ್ಸಾಂಡರ್ ದ ರೋಡ್ ಎಂಬ ಪಾದ್ರಿಯು ಆ ಲಿಪಿಯಲ್ಲಿ ಸಿದ್ಧಪಡಿಸಿದ ವಿಯೆತ್ನಾಮೀ, ಪೋರ್ಚುಗೀಸ್, ಲ್ಯಾಟಿನ್ ನಿಘಂಟು ೧೬೫೧ರಲ್ಲಿಯೇ ರೋಮ್ ನಗರದಲ್ಲಿ ಅಚ್ಚಾಗಿತ್ತು. ಹೀಗಾಗಿ ಇಂದಿನ ವಿಯೆತ್ನಾಮಿನ ಬಾಲಕನಿಗೆ ಇಂಗ್ಲಿಷಿನ ಅಕ್ಷರಮಾಲೆಯು ಹೊಸದಲ್ಲ. ನಮ್ಮ ಮಕ್ಕಳಿಗಿರುವ ಲಿಪಿಯ ತೊಡಕು ಅವನಿಗಿಲ್ಲ. ಅವನ ತೊಡಕು ಬೇರೊಂದೆಡೆ ಇರುವುದು.

೧೯೮೬ರಲ್ಲಿ ಆ ದೇಶದ ಸರಕಾರವು 'ದೋಯ್ ಮೋಯ್' ಎಂಬ ನವೀಕರಣದ ನೀತಿಯನ್ನು ಕೈಕೊಂಡಿತು. ೧೯೯೫ರಲ್ಲಿ ಆಸಿಯಾನ್ ಒಕ್ಕೂಟಕ್ಕೂ ೨೦೦೭ರಲ್ಲಿ ವಿಶ್ವವ್ಯಾಪಾರ ಸಂಸ್ಥೆಗೂ ಸೇರಿತು. ಅದುವರೆಗೆ ಶಾಲೆಗಳಲ್ಲಿ ಮೇಲಾಗಿದ್ದ ರಷ್ಯನ್ ಭಾಷೆಯು ಹಿಂದೆ ಸರಿದು ಇಂಗ್ಲಿಷು ಮುಂದೆ ಬಂದಿತು. ೨೦೦೮ರಲ್ಲಿ ಪರಭಾಷಾ ಶಿಕ್ಷಣಕ್ಕಾಗಿ ಒಂದು ರಾಷ್ಟ್ರೀಯ ಯೋಜನೆಯೇ ಹೊರಟಿತು. ಈಗ ಅಲ್ಲಿಯ ತಂದೆತಾಯಿಗಳು ಮಕ್ಕಳ ಇಂಗ್ಲಿಷಿಗಾಗಿ ಪಡುವ ಕಳವಳವು ನಮ್ಮ ಮನೆಗಳ ಕಳವಳಕ್ಕಿಂತ ಕಡಿಮೆಯದೇನೂ ಅಲ್ಲ.

ತೊಡಕು ಯಾವುದೆಂಬುದನ್ನು ಇನ್ನು ನೋಡೋಣ. ವಿಯೆತ್ನಾಮಿಯಲ್ಲಿ ಶಬ್ದಕ್ಕೆ ವಿಭಕ್ತಿಯಿಲ್ಲ, ವಚನಭೇದದಿಂದ ರೂಪಭೇದವಿಲ್ಲ, ಕ್ರಿಯಾಪದಕ್ಕೆ ಕಾಲಪ್ರತ್ಯಯವಿಲ್ಲ. ಅರ್ಥವನ್ನು ನಿರ್ಣಯಿಸುವುದು ಶಬ್ದದ ಸ್ಥಾನವೂ, ಉಚ್ಚಾರದ ಏರಿಳಿತವೂ, ಜೊತೆಗೆ ಬರುವ ಬೇರೆ ಪದಗಳೂ ಆಗಿವೆ. ಉತ್ತರ ಪ್ರಾಂತದ ನುಡಿಯಲ್ಲಿ ಆರು ಸ್ವರಗಳುಂಟು. 'ಮಾ' ಎಂಬ ಒಂದೇ ಅಕ್ಷರವು ಸ್ವರವನ್ನನುಸರಿಸಿ ದೆವ್ವವೂ ಆಗಬಹುದು, ತಾಯಿಯೂ ಆಗಬಹುದು, ಗೋರಿಯೂ ಆಗಬಹುದು, ಭತ್ತದ ಸಸಿಯೂ ಆಗಬಹುದು. (ಈ ಸ್ವರಗಳನ್ನು ತೋರಿಸುವ ಗುರುತುಗಳು ನಮ್ಮ ಲಿಪಿಯಲ್ಲಿಲ್ಲವಾದುದರಿಂದ ಇಲ್ಲಿ ಕೊಡುವ ವಿಯೆತ್ನಾಮೀ ಶಬ್ದಗಳನ್ನು ವಾಚಕರು ಸ್ಥೂಲವಾಗಿ ಮಾತ್ರ ಗ್ರಹಿಸಬೇಕು.) ಇಂಥ ಸೂಕ್ಷ್ಮಶ್ರವಣವುಳ್ಳ ಬಾಲಕನು ಇಂಗ್ಲಿಷಿಗೆ ಬಂದಾಗ, ಅಲ್ಲಿ ಅರ್ಥವು ಸ್ವರದಲ್ಲಿರದೆ ಶಬ್ದದ ಬಾಲದಲ್ಲಿರುವುದನ್ನು ಕಂಡು ಬೆರಗಾಗುತ್ತಾನೆ.

ಉದಾಹರಣೆಗೆ, ವಿಯೆತ್ನಾಮಿಯಲ್ಲಿ 'ಥಾನ್ ಕೋಂಗ್' ಎಂದರೆ ಗೆಲವು. ಗೆಲ್ಲುವುದೂ ಅದೇ, ಗೆದ್ದವನೆಂಬ ವಿಶೇಷಣವೂ ಅದೇ. ಇಂಗ್ಲಿಷಿನಲ್ಲಿಯಾದರೋ ನಾಮಪದಕ್ಕೆ 'ಸಕ್ಸೆಸ್', ಕ್ರಿಯಾಪದಕ್ಕೆ 'ಸಕ್ಸೀಡ್', ವಿಶೇಷಣಕ್ಕೆ 'ಸಕ್ಸೆಸ್‌ಫುಲ್', ಕ್ರಿಯಾವಿಶೇಷಣಕ್ಕೆ 'ಸಕ್ಸೆಸ್‌ಫುಲ್ಲಿ' ಎಂದು ನಾಲ್ಕು ರೂಪಗಳು. ನಾಲ್ಕರ ಅರ್ಥವನ್ನೂ ಬಲ್ಲ ವಿದ್ಯಾರ್ಥಿಯು 'ಹೀ ಈಸ್ ವೆರಿ ಸಕ್ಸೆಸ್' ಎಂದು ಬರೆದರೆ ಅವನಿಗೆ ಅರ್ಥಜ್ಞಾನವಿಲ್ಲವೆನ್ನಲಾಗದು. ರೂಪಜ್ಞಾನವಿಲ್ಲವೆಂದು ಮಾತ್ರ ಹೇಳಬಹುದು. ಹಾಗೆಯೇ 'ಫಾತ್ ಚಿಯೆನ್' ಎಂಬುದು ಬೆಳೆಯುವುದಕ್ಕೂ ಬೆಳವಣಿಗೆಗೂ ಒಂದೇ. ಕ್ರಿಯೆಯನ್ನು ನಾಮಪದವನ್ನಾಗಿ ಮಾಡಬೇಕಾದರೆ ಅವರು 'ಸೂ' ಎಂಬ ಬೇರೊಂದು ಪದವನ್ನು ಮುಂದಿಡುತ್ತಾರೆ. ಮೂಲಶಬ್ದವು ಮಾತ್ರ ಕದಲುವುದಿಲ್ಲ. ಈ ಮುಂಪದಗಳಲ್ಲಿಯೂ ಅವರ ಭಾಷೆಗೆ ತನ್ನದೇ ಆದ ಸೊಗಸುಂಟು: ದುಃಖದ ಭಾವಗಳಿಗೆ 'ನೋಯ್' ಎಂಬುದನ್ನೂ ಸಂತೋಷದ ಭಾವಗಳಿಗೆ 'ನಿಯೆಮ್' ಎಂಬುದನ್ನೂ ಇಡುತ್ತಾರೆ.

ಎರಡನೆಯ ತೊಡಕು ಉಚ್ಚಾರದ್ದು. ವಿಯೆತ್ನಾಮೀ ಅಕ್ಷರದ ಕೊನೆಯಲ್ಲಿ ಪ್, ತ್, ಕ್ ಎಂಬ ವ್ಯಂಜನಗಳೂ, ಮ್, ನ್, ಙ್ ಎಂಬ ಅನುನಾಸಿಕಗಳೂ, ಇವುಗಳ ಹತ್ತಿರದ ಒಂದೆರಡು ಛಾಯೆಗಳೂ ಹೊರತು ಬೇರೆ ವ್ಯಂಜನವು ನಿಲ್ಲಲಾರದು. ನಿಂತವುಗಳನ್ನೂ ಬಾಯೊಳಗೇ ಮುಗಿಸಿಬಿಡುತ್ತಾರೆ. ಪದಾಂತದಲ್ಲಿ ಒತ್ತಕ್ಷರವೆಂಬುದೇ ಇಲ್ಲ. ಫ್ರೆಂಚರ ಆಳಿಕೆಯಲ್ಲಿ ಅವರ ಭಾಷೆಗೆ ಬಂದ ಶಬ್ದಗಳ ಗತಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ರೈಲು ನಿಲ್ದಾಣವೆಂಬರ್ಥದ 'ಗಾರ್' ಎಂಬುದು 'ಗಾ' ಆಯಿತು. 'ಫಿಲ್ಮ್' ಎಂಬುದು 'ಫಿಮ್' ಆಯಿತು. 'ಕ್ರೆಮ್' ಎಂಬುದು 'ಕೆಮ್' ಆಯಿತು. 'ಸಾವೋನ್' ಎಂಬುದು 'ಸಾ ಫೋಂಗ್' ಆಯಿತು. (ಈ ಕೊನೆಯದು ನಮ್ಮ ಮನೆಯ 'ಸಾಬೂನಿ'ಗೆ ದೂರದ ದಾಯಾದಿ.) ಕನ್ನಡಿಗರಾದ ನಾವು 'ಬಸ್' ಎಂಬುದಕ್ಕೆ ಉಕಾರವನ್ನು ಸೇರಿಸಿ 'ಬಸ್ಸು' ಎಂದು ಬಾಲವನ್ನು ಬೆಳೆಯಿಸುತ್ತೇವೆ, ಅವರು ಬಾಲವನ್ನೇ ಕತ್ತರಿಸುತ್ತಾರೆ. ಇಂಗ್ಲಿಷ್ ಶಬ್ದಗಳ ವ್ಯಾಕರಣವೆಲ್ಲ ಬಾಲದಲ್ಲಿಯೇ ಇರುವುದರಿಂದ, ಬಾಲವು ಹೋದರೆ ಬಹುವಚನವೂ ಭೂತಕಾಲವೂ ಹೋದಂತೆಯೇ. 'ಅನಲಿಸ್ಟ್' ಎಂಬವನ ಕೊನೆಯು ಬಾಯಲ್ಲಿ ಉಳಿಯದಿದ್ದರೆ, ಕಿವಿಗೂ ಅದು ಕೇಳದು. ಕಿವಿಗೆ ಕೇಳದ್ದು ಲೇಖನಿಗೂ ಬರುವುದಿಲ್ಲ.

ಇನ್ನು ವಿಶ್ವವಿದ್ಯಾಲಯದ ಇಂಗ್ಲಿಷಿನ ಮಾತು. ಮನೆಯಲ್ಲಿ, ಪೇಟೆಯಲ್ಲಿ ಬಳಸುವ ಶಬ್ದಗಳು ಬೇರೆ. ಶಾಸ್ತ್ರಗ್ರಂಥಗಳಲ್ಲಿ ಬರುವ ಶಬ್ದಗಳು ಬೇರೆ. ಬಂಗಾಲದ ಢಾಕಾ ನಗರದಲ್ಲಿ ಉಪಾಧ್ಯಾಯರ ಶಿಕ್ಷಣ ಕಾಲೇಜಿಗೆ ಮುಖ್ಯಸ್ಥರಾಗಿದ್ದ ಮೈಕೇಲ್ ವೆಸ್ಟ್ ಎಂಬವರು, ಪರಭಾಷೀಯರಿಗೆ ಮೊದಲು ಕಲಿಸತಕ್ಕ ಸುಮಾರು ೨,೦೦೦ ಸಾಮಾನ್ಯ ಶಬ್ದಗಳ ಪಟ್ಟಿಯನ್ನು ೧೯೫೩ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಏವರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿಯು ಅದರ ಮುಂದಿನ ಮೆಟ್ಟಲನ್ನು ಕಟ್ಟಿದರು. ಕಲೆ, ವಾಣಿಜ್ಯ, ನ್ಯಾಯ, ವಿಜ್ಞಾನ ಎಂಬ ನಾಲ್ಕು ವಿಭಾಗಗಳ ೨೮ ವಿಷಯಗಳಿಂದ ಸುಮಾರು ೩೫ ಲಕ್ಷ ಪದಗಳಷ್ಟು ಗ್ರಂಥಭಾಗವನ್ನು ಆಯ್ದು, ವೆಸ್ಟರ ಪಟ್ಟಿಯಲ್ಲಿಲ್ಲದ, ಆದರೆ ಎಲ್ಲ ಶಾಸ್ತ್ರಗಳಲ್ಲಿಯೂ ಮತ್ತೆ ಮತ್ತೆ ಬರುವ ೫೭೦ ಶಬ್ದಕುಟುಂಬಗಳನ್ನು ಎಣಿಸಿ ೨೦೦೦ದಲ್ಲಿ ಪ್ರಕಟಿಸಿದರು. ಶಾಸ್ತ್ರಗ್ರಂಥದಲ್ಲಿಯ ಪ್ರತಿ ಹತ್ತು ಪದಗಳಲ್ಲಿ ಸುಮಾರು ಒಂದು ಈ ೫೭೦ ಮನೆತನಗಳಿಗೆ ಸೇರಿದ್ದಾಗಿರುವುದು. ಮುಂದೆ ೨೦೧೪ರಲ್ಲಿ ಗಾರ್ಡ್‌ನರ್ ಮತ್ತು ಡೇವಿಸ್ ಎಂಬವರು, ಮನೆತನವನ್ನಲ್ಲದೆ ಒಂದೊಂದು ಶಬ್ದವನ್ನೇ ಎಣಿಸಿ ಬೇರೊಂದು ಪಟ್ಟಿಯನ್ನು ಮಾಡಿದರು. ಮನೆತನದ ಎಲ್ಲ ಶಬ್ದಗಳ ಅರ್ಥವೂ ಒಂದೇ ಅಲ್ಲವೆಂಬುದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿದೆಯೆಂಬುದನ್ನು ಮುಂದೆ ಹೇಳುವೆವು.

ಈ ಶಬ್ದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್ ಮೂಲದವು. ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಇವುಗಳ ರಚನೆಯು ತಟ್ಟನೆ ಕಣ್ಣಿಗೆ ಬೀಳುವುದು. ನಮ್ಮಲ್ಲಿ 'ಹೃ' ಎಂಬ ಒಂದೇ ಧಾತುವು ಉಪಸರ್ಗಗಳ ಬಲದಿಂದ ಆಹಾರ, ವಿಹಾರ, ಸಂಹಾರ, ಪರಿಹಾರ, ಉಪಹಾರಗಳೆಂದು ದಿಕ್ಕುದಿಕ್ಕಿಗೆ ಹೋಗುವಂತೆ, ಲ್ಯಾಟಿನ್ನಿನಲ್ಲಿ ತೆಗೆದುಕೊಳ್ಳುವುದೆಂಬ ಅರ್ಥವುಳ್ಳ 'ಸೂಮ್' ಎಂಬ ಧಾತುವಿನಿಂದ, ಹಿಡಿದು ಭಾವಿಸುವುದು 'ಅಸ್ಯೂಮ್', ಪೂರ್ತಿಯಾಗಿ ತೆಗೆದುಕೊಂಡು ಮುಗಿಸುವುದು 'ಕನ್ಸ್ಯೂಮ್', ಮುಂಚಿತವಾಗಿಯೇ ಹಿಡಿದುಬಿಡುವುದು 'ಪ್ರಿಸ್ಯೂಮ್', ಬಿಟ್ಟುದನ್ನು ಮರಳಿ ಹಿಡಿಯುವುದು 'ರಿಸ್ಯೂಮ್' ಎಂದಾಗಿವೆ. ಇವೆಲ್ಲ ಭಾವನಾಮಗಳಾಗುವಾಗ 'ಅಸಂಪ್ಷನ್', 'ಕನ್ಸಂಪ್ಷನ್' ಎಂದು ಒಡಲನ್ನೇ ಬದಲಿಸುತ್ತವೆ. 'ವಿಧಿ'ಯಿಂದ 'ವೈಧ'ವಾಗುವುದನ್ನು ಬಲ್ಲವನಿಗೆ ಇದು ವಿಚಿತ್ರವೆನಿಸದು. ಒಡಲು ಕದಲದ ಭಾಷೆಯಿಂದ ಬಂದವನಿಗೆ ಇವು ಎರಡು ಬೇರೆ ಶಬ್ದಗಳೇ.

ಹಾಗಾದರೆ ವಿಯೆತ್ನಾಮಿನ ವಿದ್ಯಾರ್ಥಿಯು ಬರಿಗೈಯಿಂದಲೇ ಬರುವನೋ? ಅಲ್ಲವೆಂಬುದೇ ಈ ಲೇಖನದ ಮುಖ್ಯಾಭಿಪ್ರಾಯವು. ಅವನ ಭಾಷೆಯ ಚೀನೀ ಭಾಗದಲ್ಲಿ ಶಬ್ದಕುಟುಂಬಗಳು ತುಂಬಿ ತುಳುಕುತ್ತಿವೆ. 'ಹಾಕ್' ಎಂದರೆ ಕಲಿಕೆ, ವಿದ್ಯೆ. ಅದರಿಂದ 'ಹಾಕ್ ಸಿನ್' ವಿದ್ಯಾರ್ಥಿ, 'ದಾಯ್ ಹಾಕ್' ವಿಶ್ವವಿದ್ಯಾಲಯ, 'ತ್ವಾನ್ ಹಾಕ್' ಗಣಿತಶಾಸ್ತ್ರ, 'ಹ್ವಾ ಹಾಕ್' ರಸಾಯನಶಾಸ್ತ್ರ, 'ವನ್ ಹಾಕ್' ಸಾಹಿತ್ಯ. 'ಕ್ವೋಕ್' ಎಂದರೆ ದೇಶ. 'ಕ್ವೋಕ್ ಕಾ' ರಾಷ್ಟ್ರಗೀತೆ, 'ಕ್ವೋಕ್ ತೇ' ಅಂತರರಾಷ್ಟ್ರೀಯ. ಇನ್ನೂ ಸ್ವಾರಸ್ಯವಾದ ಒಂದು ಮನೆತನವನ್ನು ನೋಡಿರಿ. 'ಹಪ್ ಫಾಪ್' ಎಂದರೆ ಕಾಯಿದೆಗೆ ಹೊಂದಿದುದು. ಇಲ್ಲಿಯ 'ಫಾಪ್' ಎಂಬುದು, ಬೌದ್ಧಗ್ರಂಥಗಳಲ್ಲಿಯ 'ಧರ್ಮ' ಶಬ್ದಕ್ಕೆ ಚೀನೀಯರು ಆರಿಸಿಕೊಂಡ ಅಕ್ಷರದ ವಿಯೆತ್ನಾಮೀ ಉಚ್ಚಾರವೇ ಆಗಿದೆ. ಇದಕ್ಕೆ 'ಬತ್' ಎಂಬುದನ್ನು ಮುಂದಿಟ್ಟರೆ ಕಾಯಿದೆಗೆ ವಿರುದ್ಧವಾದುದು. 'ಹ್ವಾ' ಎಂಬುದನ್ನು ಹಿಂದಿಟ್ಟರೆ ಕಾಯಿದೆಗೆ ಹೊಂದುವಂತೆ ಮಾಡುವುದು. 'ತಿನ್' ಎಂಬುದನ್ನು ಮುಂದಿಟ್ಟರೆ ಹೊಂದಿರುವಿಕೆಯೆಂಬ ಗುಣ. ಇಂಗ್ಲಿಷಿನಲ್ಲಿ ಇವೇ ನಾಲ್ಕು ಕ್ರಮವಾಗಿ 'ಲೀಗಲ್', 'ಇಲ್ಲೀಗಲ್', 'ಲೀಗಲೈಜ್', 'ಲೀಗ್ಯಾಲಿಟಿ'. ನಮ್ಮಲ್ಲಿ ವೈಧ, ಅವೈಧ, ವೈಧೀಕರಣ, ವೈಧತೆ. ಮೂರು ಭಾಷೆಗಳಲ್ಲಿ ಒಂದೇ ಗೃಹಸ್ಥಿತಿ! ಹಾಗೆಯೇ 'ಹಿಯೆನ್ ದಾಯ್' ಎಂದರೆ ಆಧುನಿಕ. 'ಹಿಯೆನ್ ದಾಯ್ ಹ್ವಾ' ಎಂದರೆ ಆಧುನಿಕೀಕರಣ.

ಆದುದರಿಂದ 'ಐಜ್' ಎಂಬ ಇಂಗ್ಲಿಷ್ ಪ್ರತ್ಯಯವನ್ನು ಕಲಿಸುವ ಉಪಾಧ್ಯಾಯನು ಸೂತ್ರವನ್ನು ಕಂಠಪಾಠ ಮಾಡಿಸಬೇಕಾಗಿಲ್ಲ. "ಇದು ನಿಮ್ಮ ಮನೆಯ 'ಹ್ವಾ'" ಎಂದರೆ ಸಾಕು. 'ಇಟಿ' ಎಂಬುದು ಅವರ 'ತಿನ್'. 'ರೀ' ಎಂಬುದು ಅವರ 'ತಾಯ್', ಏಕೆಂದರೆ 'ತಾಯ್ ಬಾನ್' ಎಂದರೆ ಪುನರ್ಮುದ್ರಣ. ಕಾರ್ಯಕರ್ತನನ್ನು ಸೂಚಿಸುವ 'ಇಸ್ಟ್' ಎಂಬುದಕ್ಕೆ ಅವರಲ್ಲಿ 'ಞಾ' ಎಂಬ ಪದವು ಮುಂದೆ ಬರುವುದು. 'ಫನ್ ತಿಕ್' ಎಂದರೆ ವಿಶ್ಲೇಷಣೆ, 'ಞಾ ಫನ್ ತಿಕ್' ಎಂದರೆ ವಿಶ್ಲೇಷಕ. 'ಖ್ವಾ ಹಾಕ್' ಎಂದರೆ ವಿಜ್ಞಾನ, 'ಞಾ ಖ್ವಾ ಹಾಕ್' ಎಂದರೆ ವಿಜ್ಞಾನಿ. 'ಞಾ' ಎಂಬುದಕ್ಕೆ ಸಾಮಾನ್ಯವಾದ ಅರ್ಥವು ಮನೆ ಎಂದೇ. ವಿದ್ವಾಂಸನನ್ನು ವಿದ್ಯೆಯ ಮನೆಯೆಂದು ಕರೆಯುವ ಭಾಷೆಯ ಮಕ್ಕಳಿಗೆ ಶಬ್ದಗಳ ಮನೆತನವನ್ನು ಪರಿಚಯ ಮಾಡಿಕೊಡುವುದು ಅಸಾಧ್ಯವೇ?

ಇಲ್ಲಿ ಒಂದು ಎಚ್ಚರವನ್ನೂ ಹೇಳಬೇಕು. ಒಂದೇ ವಂಶದವರೆಲ್ಲ ಒಂದೇ ಸ್ವಭಾವದವರಾಗಿರುವುದಿಲ್ಲ. 'ವ್ಯಾಲ್ಯುಬಲ್' ಎಂದರೆ ಬೆಲೆಯುಳ್ಳದ್ದಾದರೂ 'ಇನ್‌ವ್ಯಾಲ್ಯುಬಲ್' ಎಂದರೆ ಬೆಲೆಯಿಲ್ಲದ್ದೆಂದಲ್ಲ, ಬೆಲೆ ಕಟ್ಟಲಾಗದ್ದೆಂದರ್ಥ. 'ಹಾರ್ಡ್' ಎಂದರೆ ಕಷ್ಟಪಟ್ಟು. 'ಹಾರ್ಡ್ಲಿ' ಎಂದರೆ ಇಲ್ಲವೆಂಬಷ್ಟು ಕಡಿಮೆ. ಎರಡನ್ನೂ ಒಂದೆಂದು ತಿಳಿದು, ತಾನು ಶ್ರಮಪಟ್ಟು ಓದುತ್ತೇನೆಂದು ಹೇಳಹೊರಟವನು ತಾನು ಓದುವುದೇ ಇಲ್ಲವೆಂದು ಬರೆದುಕೊಟ್ಟಂತಾದೀತು. 'ಇಕನಾಮಿಕ್' ಎಂಬುದು ಅರ್ಥಶಾಸ್ತ್ರಕ್ಕೆ ಸೇರಿದ್ದು; 'ಇಕನಾಮಿಕಲ್' ಎಂಬುದು ಮಿತವ್ಯಯದ್ದು. ಪ್ರತ್ಯಯವು ದಾರಿಯನ್ನು ತೋರಿಸುವುದೇ ಹೊರತು ಮನೆಯೊಳಗೆ ಕರೆದುಕೊಂಡು ಹೋಗುವುದಿಲ್ಲ. ಬಾಗಿಲನ್ನು ತಟ್ಟಿ ವಿಚಾರಿಸಲೇಬೇಕು.

ಇನ್ನು ಕಲಿಯುವ ಕ್ರಮವನ್ನು ಹೇಳಿಬಿಡುತ್ತೇವೆ. ಮೊದಲನೆಯದಾಗಿ, ಶಬ್ದಗಳನ್ನು ಅಕಾರಾದಿಯಾಗಿ ಬರೆಯದೆ, ನೋಟುಬುಕ್ಕಿನ ಒಂದೊಂದು ಪುಟವನ್ನು ಒಂದೊಂದು ಮನೆತನಕ್ಕೆ ಕೊಡತಕ್ಕದ್ದು. ನಾಮ, ಕ್ರಿಯೆ, ವಿಶೇಷಣ, ಕ್ರಿಯಾವಿಶೇಷಣ ಎಂದು ನಾಲ್ಕು ಕಲಮುಗಳನ್ನು ಎಳೆದು, ಇಲ್ಲದ ರೂಪದ ಸ್ಥಳವನ್ನು ಬರಿದಾಗಿಯೇ ಬಿಡಬೇಕು; ಇಲ್ಲದ ಮಗನನ್ನು ದತ್ತು ತೆಗೆದುಕೊಳ್ಳಬಾರದು. ಎರಡನೆಯದಾಗಿ, ಪ್ರತ್ಯಯಗಳಲ್ಲಿ ಸುಲಭವಾದವುಗಳನ್ನು ಮೊದಲು ಕಲಿಯಬೇಕು. ಬೌಯರ್ ಮತ್ತು ನೇಷನ್ ಎಂಬ ಪಂಡಿತರು ೧೯೯೩ರಲ್ಲಿ ಇವನ್ನು ಏಳು ಮೆಟ್ಟಲುಗಳಾಗಿ ಜೋಡಿಸಿದ್ದಾರೆ. 'ಅನ್', 'ಲಿ', 'ನೆಸ್', 'ಏಬಲ್', 'ಲೆಸ್' ಮೊದಲಾದವು ಕೆಳಗಿನ ಮೆಟ್ಟಲಿನವು. 'ಇಟಿ', 'ಮೆಂಟ್', 'ಐಜ್', 'ಏಷನ್' ಎಂಬವು ಅದರ ಮೇಲಿನವು. ಮೂರನೆಯದಾಗಿ, ಪ್ರತಿಯೊಂದು ರೂಪಕ್ಕೂ ತನ್ನ ವ್ಯಾಸಂಗದ ವಿಷಯದಿಂದಲೇ ಒಂದು ಚಿಕ್ಕ ವಾಕ್ಯವನ್ನು ರಚಿಸಬೇಕು. ರಸಾಯನಶಾಸ್ತ್ರದವನು ಜಲದ 'ಅನಾಲಿಸಿಸ್' ಕುರಿತು ಬರೆಯಲಿ, ವಾಣಿಜ್ಯದವನು ಲೆಕ್ಕದ 'ಅನಾಲಿಸಿಸ್' ಕುರಿತು ಬರೆಯಲಿ.

ನಾಲ್ಕನೆಯದು ಗಟ್ಟಿಯಾಗಿ ಓದುವುದು. 'ಅನಲೈಜ್' ಎಂಬುದರಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, 'ಅನಾಲಿಸಿಸ್' ಎಂಬುದರಲ್ಲಿ ಎರಡನೆಯದರ ಮೇಲೆ, 'ಅನಲಿಟಿಕಲ್' ಎಂಬುದರಲ್ಲಿ ಮೂರನೆಯದರ ಮೇಲೆ. ಆರು ಸ್ವರಗಳನ್ನು ಹುಟ್ಟಿನಿಂದ ಬಲ್ಲ ಕಿವಿಗೆ ಈ ಒತ್ತನ್ನು ಗುರುತಿಸುವುದು ದೊಡ್ಡದಲ್ಲ. ಗುರುತಿಸಬೇಕೆಂಬುದನ್ನು ಹೇಳಿಕೊಡುವವರು ಬೇಕು ಅಷ್ಟೆ. ಪದಾಂತದ ವ್ಯಂಜನವನ್ನು ನುಂಗದೆ ಹೊರಗೆ ಬಿಡುವುದನ್ನೂ ಇದರೊಡನೆಯೇ ಅಭ್ಯಾಸಮಾಡಬೇಕು. ಐದನೆಯದು ಆವೃತ್ತಿ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರು ತಮ್ಮ ಮೇಲೆಯೇ ಪರೀಕ್ಷೆಮಾಡಿಕೊಂಡು ೧೮೮೫ರಲ್ಲಿ ತೋರಿಸಿಕೊಟ್ಟಂತೆ, ಕಲಿತುದರ ಬಹುಭಾಗವು ಮೊದಲ ಕೆಲವು ಗಂಟೆ ದಿನಗಳಲ್ಲಿಯೇ ಸೋರಿಹೋಗುತ್ತದೆ. ಆದಕಾರಣ ಅದೇ ದಿನ ಸಂಜೆ, ಮರುದಿನ, ವಾರದ ಬಳಿಕ, ತಿಂಗಳ ಬಳಿಕ ಎಂದು ಅಂತರವನ್ನು ಹೆಚ್ಚಿಸುತ್ತ, ಪುಟವನ್ನು ಕೈಯಿಂದ ಮುಚ್ಚಿ, ನೆನಪಿನಿಂದ ಹೇಳಿ, ಆಮೇಲೆ ನೋಡಿಕೊಳ್ಳಬೇಕು. ನೋಡಿ ಓದುವುದಕ್ಕಿಂತ ನೋಡದೆ ಹೇಳುವುದೇ ಹೆಚ್ಚು ನಿಲ್ಲುವುದು. ಇದು ನಮ್ಮ ಪಾಠಶಾಲೆಗಳ ಹಳೆಯ ಅನುಭವವೂ ಹೌದು. ದಿನಕ್ಕೆ ಎರಡು ಮನೆತನಗಳಂತೆ ಕಲಿತರೆ ೫೭೦ ಮನೆತನಗಳು ೨೮೫ ದಿನಗಳಲ್ಲಿ ಮುಗಿಯುವುವು. ಒಂದು ರಾತ್ರಿಯಲ್ಲಿ ಐವತ್ತು ಶಬ್ದಗಳನ್ನು ನುಂಗಿದವನಿಗೆ ಅಜೀರ್ಣವೇ ಲಾಭ.

ಇಷ್ಟಕ್ಕೂ ಈ ಬಾಲಗಳ ವಿಚಾರಕ್ಕೆ ಇಷ್ಟೇಕೆ ಆಗ್ರಹವೆಂದು ಕೇಳಬಹುದು. ಹೊರದೇಶದ ವಿದ್ಯಾಲಯಗಳಿಗೆ ಹೋಗಬಯಸುವವರು ಕೊಡುವ 'ಐಯೆಲ್ಟ್ಸ್' ಪರೀಕ್ಷೆಯಲ್ಲಿ ಲೇಖನದ ಅಂಕಗಳಲ್ಲಿ ಕಾಲುಭಾಗವು ಶಬ್ದಸಂಪತ್ತಿಗಾಗಿಯೇ ಇರುತ್ತದೆ. ಶಬ್ದದ ರೂಪವು ತಪ್ಪಿದರೆ ಅಲ್ಲಿ ಪೆಟ್ಟು ಬೀಳುವುದು. ಸೇತುವೆಯ ಭಾರವನ್ನು ತನ್ನ ಭಾಷೆಯಲ್ಲಿ ನಿರ್ದೋಷವಾಗಿ ಲೆಕ್ಕಹಾಕಬಲ್ಲ ರೈತನ ಮಗಳು, 'ಸ್ಟೇಬಲ್' ಎಂಬಲ್ಲಿ 'ಸ್ಟೆಬಿಲಿಟಿ' ಎಂದು ಬರೆದ ಕಾರಣದಿಂದ ವಿದ್ಯಾರ್ಥಿವೇತನವನ್ನು ಕಳೆದುಕೊಂಡರೆ, ಪೋದುದು ಒಂದು ಪ್ರತ್ಯಯವಲ್ಲ, ಒಂದು ಮನೆಯ ಭರವಸೆ. ಅವಳನ್ನು ದಡ್ಡಳೆಂದು ಯಾರಾದರೂ ಎಣಿಸಿದರೆ ಅದು ಇನ್ನೂ ದೊಡ್ಡ ಅನ್ಯಾಯ. ಏಕೆಂದರೆ ಆ ಶಾಸ್ತ್ರವನ್ನು ಅವಳ ಭಾಷೆಯು ಬಹುಕಾಲದಿಂದ ಹೊತ್ತಿದೆ. ಹ್ವಾಂಗ್ ಸ್ವಾನ್ ಹಾನ್ ಎಂಬ ಗಣಿತಜ್ಞರು ೧೯೪೨ರಲ್ಲಿಯೇ ಗಣಿತ, ಭೌತ, ರಸಾಯನಾದಿ ಶಾಸ್ತ್ರಗಳ ಪರಿಭಾಷೆಯನ್ನು ವಿಯೆತ್ನಾಮಿಯಲ್ಲಿ ರಚಿಸಿ ಪ್ರಕಟಿಸಿದರು. ೧೯೪೫ರಲ್ಲಿ ಕೆಲಕಾಲ ಶಿಕ್ಷಣಮಂತ್ರಿಗಳಾಗಿದ್ದು ಪ್ರೌಢಶಾಲೆಗಳಲ್ಲಿ ದೇಶಭಾಷೆಯೇ ಬೋಧನಭಾಷೆಯಾಗುವುದಕ್ಕೆ ದಾರಿಮಾಡಿದರು. ಅವರು ಆರಿಸಿದ ಪರಿಭಾಷೆಗಳಲ್ಲಿ ಬಹಳವು ಆ ಚೀನೀ ಮೂಲದ ಮನೆತನಗಳಿಂದಲೇ ಬಂದವು. ಮಾತೃಭಾಷೆಯಲ್ಲಿ ಅರ್ಥವು ನೆಲೆನಿಂತಿದ್ದುದರಿಂದಲೇ ಈಗ ಇಂಗ್ಲಿಷಿನ ರೂಪವೊಂದನ್ನೇ ಕಲಿತರೆ ಸಾಕಾಗಿದೆ. ಅರ್ಥವನ್ನೂ ರೂಪವನ್ನೂ ಒಟ್ಟಿಗೆ ಪರಭಾಷೆಯಲ್ಲಿಯೇ ಹೊರಬೇಕಾದವನ ಭಾರವು ಇದರ ಇಮ್ಮಡಿ.

ಗೃಹಸ್ಥರಾದ ವಾಚಕರು ಇದರಿಂದ ತೆಗೆದುಕೊಳ್ಳಬಹುದಾದುದು ಇಷ್ಟೆ. ಮಗುವು ಪರಭಾಷೆಯ ಶಬ್ದವೊಂದನ್ನು ಮನೆಗೆ ತಂದಾಗ, ಅದರ ಅರ್ಥವನ್ನು ಮಾತ್ರ ಕೇಳಿ ಬಿಡದೆ, "ಇದರ ಅಣ್ಣತಮ್ಮಂದಿರು ಯಾರು? ನಮ್ಮ ಭಾಷೆಯಲ್ಲಿ ಇಂಥ ಮನೆತನ ಯಾವುದಿದೆ?" ಎಂದು ಕೇಳಿರಿ. ಹನಾಯ್ ನಗರದ ತಾಯಿಯು 'ಹಾಕ್' ಎಂಬುದರಿಂದಲೂ, ನಮ್ಮ ಮನೆಯ ತಾಯಿಯು 'ವಿದ್ಯೆ' ಎಂಬುದರಿಂದಲೂ ಈ ಪ್ರಶ್ನೆಯನ್ನು ಆರಂಭಿಸಬಹುದು. ಅದಕ್ಕೆ ಇಂಗ್ಲಿಷ್ ಬರಬೇಕೆಂಬ ನಿಯಮವೇನೂ ಇಲ್ಲ. ತನ್ನ ಮಾತಿನ ಮೇಲೆ ಸ್ವಲ್ಪ ಪ್ರೀತಿಯೂ, ರಾತ್ರಿ ಊಟವಾದಮೇಲೆ ಕಾಲುಗಂಟೆಯ ಬಿಡುವೂ ಇದ್ದರೆ ಸಾಕು.